ಒಳಮಡಿಕೆ

ರುಂಫಿ ಪೇಟೆಯ ಸೀಮೆಎಣ್ಣೆ ಅಂಗಡಿಯ ಜಗಲಿಯಲ್ಲಿ
ಕಾಲುಮಿಷನ್ನಿನ ಹಿಂದೆ ಕೂತು
ಯೋತಾಮು ಮ್ಹಾಂಗೊ ಮೂವತ್ತೊಂದು ವರ್ಷ
ಶಾಲೆ ಮಕ್ಕಳ ಬಟ್ಟೆ ಹೊಲಿದ.
ಪ್ರತಿ ಲಂಗದ, ಪ್ರತಿ ಚಡ್ಡಿಯ ಅಂಚಲ್ಲೂ
ಮೂರು ಬೆರಳಷ್ಟು ಒಳಕ್ಕೆ ಮಡಚಿ ಬಿಡುತ್ತಿದ್ದ.
ಯಾಕೆ ಅಂತ ಕೇಳಿದರೆ
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ
‘ಮಗು ನಾಳೆಯೂ ಇರುತ್ತದಲ್ಲ’ ಅನ್ನುತ್ತಿದ್ದ.

ನನಗಿರುವ ಒಂದೇ ಕೋಟೂ ಅವನ ಕೈಯದೇ.
ಮಲಾವಿ ಸರ್ಕಾರದ ಜಿಲ್ಲಾ ಕಚೇರಿಯಲ್ಲಿ
ಗುಮಾಸ್ತಿಕೆ ಸಿಕ್ಕ ವರ್ಷ ಹೊಲಿದದ್ದು.
ಎರಡು ಸಲ ಬಿಚ್ಚಿ ಹಿಗ್ಗಿಸಿಕೊಟ್ಟ.
ಕಾಸು ಕೇಳಲಿಲ್ಲ.
ಹೊಟ್ಟೆ ಎಲ್ಲಿಂದ ಬಂತು ಅಂತಲೂ ಕೇಳಲಿಲ್ಲ.

ಆಮೇಲೆ ರಸ್ತೆ ಬಂತು.
ರಸ್ತೆಗಿಂತ ಮೊದಲು ಹಳದಿ ಫಲಕ ಬಂತು:
ಹದಿನೆಂಟು ಕಿಲೋಮೀಟರು, ಜಲ್ಲಿ ಹದಿನೈದು ಸೆಂಟಿಮೀಟರು,
ಇಷ್ಟು ಕೋಟಿ ಕ್ವಾಚಾ, ಇಂಥವರ ನೆರವು.
ಫಲಕದ ಕೆಳಗೆ ನಾವೆಲ್ಲ ಫೋಟೋಕ್ಕೆ ನಿಂತೆವು.
ಕಪಿರಿ ಗುಡ್ಡವನ್ನು ಬುಡದಿಂದ ಕೆರೆದು
ಹಗಲೂ ರಾತ್ರಿ ಲಾರಿಗಳು ಹೊತ್ತವು.
ಗುಡ್ಡದ ಕಾಲಿನಲ್ಲಿ ಒಂದು ಒರತೆ ಇತ್ತು,
ಎರಡು ಊರಿನ ಬಿಂದಿಗೆ ತುಂಬುವಷ್ಟು.
ಅದು ಯಾವ ಕಾಗದದಲ್ಲೂ ಇರಲಿಲ್ಲ.
ಇಲ್ಲದ್ದು ಹೋದರೆ ಹೋಯಿತೆಂದು ಬರೆಯುವವರು ಯಾರು?

ಎರಡನೇ ಡಿಸೆಂಬರಿನ ಮಳೆಗೆ ರಸ್ತೆ ಕೆಸರಾಯಿತು.
ಸೈಕಲ್ ಟ್ಯಾಕ್ಸಿಯ ಲುಸುಂಗು ಬಿದ್ದು
ಹೆಗಲ ಮೂಳೆ ಮುರಿದುಕೊಂಡ.
ಮೆಕ್ಕೆಜೋಳದ ಲಾರಿ ಮೂರು ದಿನ ಮಗ್ಗುಲಾಗಿ ಮಲಗಿತ್ತು.
ನಾಲ್ಕನೇ ದಿನ ಯೋತಾಮು ಮಿಷನ್ನಿಗೆ ಗೋಣಿ ಹೊದೆಸಿ
ಟೇಪು ಕೊರಳಿಗೆ ಹಾಕಿಕೊಂಡು ಹೊರಟ.
ಅಗೆಯಲು ಗುದ್ದಲಿ, ಬರೆಯಲು ಏಳನೇ ಕ್ಲಾಸಿನ ತೆಮ್ವನಾನಿ.

ಶಾಲೆಯ ತಗಡಿನ ಸೂರಿನಡಿ ಸಭೆ.
ತೆಮ್ವನಾನಿ ಓದಿದಳು, ಮಗ್ಗಿ ಒಪ್ಪಿಸುವ ದನಿಯಲ್ಲಿ:
ಮಿಷನ್ ಆಸ್ಪತ್ರೆ ಎದುರು ಒಂಬತ್ತು.
ಹೊಗೆಸೊಪ್ಪಿನ ಗೋದಾಮಿನ ತಿರುವಲ್ಲಿ ಏಳು.
ಹುಣಸೆಮರದ ಹತ್ತಿರ ಬರೀ ಮಣ್ಣು.
ಅಧಿಕಾರಿಗಳ ಕಾರು ನಿಲ್ಲುವ ಸೇತುವೆ ಬಳಿ ಹದಿನಾರು.

ಇಂಜಿನಿಯರು ನಕ್ಕರು. ‘ಅಜ್ಜಾ, ಅದು ಪ್ಯಾಂಟಿನ ಟೇಪು.’
‘ಹೌದು ಸಾಹೇಬರೇ, ನಿಮ್ಮ ಸೊಂಟವನ್ನೂ ಇದರಲ್ಲೇ ಅಳೆದೆ.
ಆಗ ಪ್ಯಾಂಟು ಜಾರಿತೆ?’

ನಗು ಕಿಟಕಿಯಾಚೆ ನಿಂತ ಮಕ್ಕಳವರೆಗೂ ಹೋಗಿ ಬಂತು.
ಯೋತಾಮು ನಗಲಿಲ್ಲ.
‘ಗುಡ್ಡ ಕರಗಿದ್ದು ಅಷ್ಟು, ರಸ್ತೆಗೆ ಬಿದ್ದದ್ದು ಇಷ್ಟು.
ಮಿಕ್ಕ ಗುಡ್ಡ ಯಾರ ಅಂಗಳದಲ್ಲಿದೆ, ಆಮೇಲೆ ಹೇಳಿ.
ಮೊದಲು ಇದನ್ನು ಹೇಳಿ:
ಬುಡದಿಂದ ಕತ್ತರಿಸುವಾಗ
ಒಳಕ್ಕೆ ಮಡಚಿ ಇಟ್ಟದ್ದು ಎಷ್ಟು ಬೆರಳು?’

ಇಂಜಿನಿಯರು ಕಾಗದ ಮಗುಚಿದರು.
ಅಧ್ಯಕ್ಷರು ಗಡಿಯಾರ ನೋಡಿದರು.
ತಗಡಿನ ಮೇಲೆ ಕಾಗೆಯೊಂದು ಆ ತುದಿಯಿಂದ ಈ ತುದಿಗೆ ನಡೆಯಿತು,
ಒಂದೊಂದು ಹೆಜ್ಜೆಯೂ ಕೇಳಿಸುವ ಹಾಗೆ.

‘ಹದಿನೈದು ಇದೆ ಅಂತ ಸಹಿ ಹಾಕಿದವರಾದರೂ ಯಾರು?’

ನಡಾವಳಿ ಬರೆಯುತ್ತಿದ್ದವನು ನಾನು.
ಅವನು ನನ್ನ ಕಡೆ ನೋಡಿ ಕೇಳಲಿಲ್ಲ,
ಅವನಿಗೆ ಗೊತ್ತಿರಲಿಲ್ಲ. ಅದೇ ಕಷ್ಟವಾದದ್ದು.
ಅದೊಂದು ಗುರುವಾರ. ಹೊರಗೆ ಮಳೆ.
ಜೀಪಿಗೆ ಡೀಸೆಲ್ ಇಲ್ಲ ಅಂದಿದ್ದರು.
ಚಹ ಆರುವುದರೊಳಗೆ ಹದಿನೆಂಟು ಕಿಲೋಮೀಟರು
ಮೇಜಿನ ಮೇಲೇ ನಡೆದು ಮುಗಿಸಿ ಮೊಹರು ಒತ್ತಿದ್ದೆ.
ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ.
ಅಷ್ಟು ಅಗ್ಗ ನಾನು.

ಕೈ ಎತ್ತಿದೆ.
ಕಂಕುಳಲ್ಲಿ ಕೋಟು ಪರ್ ಅಂತ ಹರಿಯಿತು.
ಸಾಲಾಗಿ ಕೂತವರೆಲ್ಲ ತಿರುಗಿದರು.
ಯೋತಾಮು ಹತ್ತಿರ ಬಂದು, ಅಭ್ಯಾಸಬಲ,
ಹರಿದಲ್ಲಿ ಎರಡು ಬೆರಳು ತೂರಿಸಿ ನೋಡಿದ.
‘ಇನ್ನು ಬಿಚ್ಚಲಿಕ್ಕೆ ಇಲ್ಲಿ ಏನೂ ಉಳಿದಿಲ್ಲ’ ಅಂದ.
ಬೈದನೋ, ಬಟ್ಟೆಯ ಮಾತು ಹೇಳಿದನೋ,
ಈಗಲೂ ತಿಳಿಯದು.

ನಡಾವಳಿಯ ಆ ಪುಟದಲ್ಲಿ
ನನ್ನ ಹೆಸರು ಪೂರ್ತಿ ಇದೆ, ಅಪ್ಪನ ಹೆಸರಿನ ಸಮೇತ.
ಮೇಲಿನಿಂದ ಉತ್ತರ ಬಂದಿಲ್ಲ.
ಒರತೆ ಇದ್ದಲ್ಲಿ ಹೆಂಗಸರು ಬೆಳಗಿನ ಜಾವ
ಒಮ್ಮೆ ಕೆದಕಿ ನೋಡಿ ಮುಂದೆ ಹೋಗುತ್ತಾರೆ,
ಬಿಂದಿಗೆ ಕೆಳಗಿಳಿಸದೆ.